ಮುಯ್ಯಿ

ಆ ಸಚಿವಾಲಯದ ಹೆಸರು ಒಂದೇ ಉಸಿರಿಗೆ ಮುಗಿಯುವುದಿಲ್ಲ.
ಅವರ ಭಾಷೆಯಲ್ಲಿ ಅದೊಂದು ಗೂಡ್ಸ್ ಗಾಡಿ,
ಒಂದು ಪದದ ಬಾಲಕ್ಕೆ ಇನ್ನೊಂದು ಪದದ ಕೊಕ್ಕೆ.
ನಮ್ಮ ಜಿಲ್ಲೆಯಲ್ಲೋ ರೈಲೇ ಇಲ್ಲ.
ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ಕೂತು
ಮೂರು ಸಲ ಹೊಡೆದುಹಾಕಿ ಬರೆದೆ:
ಅಂತರರಾಷ್ಟ್ರೀಯ ಅಭಿವೃದ್ಧಿ ಸಹಕಾರ ಸಚಿವಾಲಯ.
ಅಂಗಡಿಯ ಸಜನ್ ಇಣುಕಿ ನೋಡಿ
‘ಸಹಕಾರ ಅಂದರೆ ಸೊಸೈಟಿಯಾ? ಯೂರಿಯಾ ಬಂದಿದೆಯಾ?’ ಅಂದ.

ನಾನು ದುಭಾಷಿ. ದಿನಕ್ಕೆ ಎರಡು ಸಾವಿರ, ಊಟ ಅವರದು.

ಮಾರ್ಚಿಯ ಮೊದಲ ವಾರ. ಸ್ಪ್ರಿಂಕ್ಲರ್ ಇದ್ದವರ ತೋಟ
ಬೆಳ್ಳಗೆ ಹೂಬಿಟ್ಟಿತ್ತು, ಮಿಕ್ಕವು ಆಕಾಶ ಕಾಯುತ್ತಿದ್ದವು.
ತಿತಿಮತಿ ದಾಟಿ ಹಂಸಾಕನ ಜೀಪು
ಹಸಿ ಆನೆಲದ್ದಿಯ ಮಣ್ಣುದಾರಿಗೆ ಇಳಿದಾಗ
ಬ್ರಿಗಿಟ್ಟೆ ಮೂಗು ಹೊರಗೆ ಚಾಚಿ ಕೇಳಿದಳು:
ಮಲ್ಲಿಗೆಯಾ ಇದು?
ಅಲ್ಲ, ನೀವು ಬೆಳಗ್ಗೆ ಕುಡಿಯುವುದು.

ಹಾಡಿಯ ನಡುವೆ ಕರಿ ಟ್ಯಾಂಕು, ಐದು ಸಾವಿರ ಲೀಟರು.
ಅದರ ಮೇಲೆ ಆ ದೇಶದ ಬಾವುಟ, ಬಿಸಿಲಿಗೆ ಬಣ್ಣ ಹೋಗಿ
ಮೂರು ಪಟ್ಟಿ ಎರಡಾಗಿತ್ತು.
ಅವಳ ಹಾಳೆಯ ತುಂಬ ಖಾನೆಗಳು.
ಫಲಾನುಭವಿ ಕುಟುಂಬ: ಮೂವತ್ತೊಂದು.
ಕೊಡ ಹೊತ್ತು ನಡೆದ ದೂರ, ಮೊದಲು ಎಷ್ಟು, ಈಗ ಎಷ್ಟು.
ಪೈಪು ಎಷ್ಟು ಸಲ ಕಿತ್ತುಹೋಯಿತು? ನಾಲ್ಕು ಸಲ. ಆನೆ.
ಆನೆಗೆ ಖಾನೆ ಇರಲಿಲ್ಲ,
‘ಇತರೆ’ಗೆ ಸೇರಿಸಿದಳು.

ಬೊಳಚಿ ಎಲೆಯಡಿಕೆ ಉಗುಳಿ, ಬಾಯಿ ಒರೆಸಿ, ಎದುರು ಕೂತಳು.
ಎರಡು ಸಲ ಹೇಳಿದೆ ಸಹಕಾರ, ಸಹಕಾರ.
ಪದ ಅವಳ ತನಕ ಹೋಗಲಿಲ್ಲ, ದಾರಿಯಲ್ಲೇ ಬಿತ್ತು.
ಆಗ ನಾಲಿಗೆಗೆ ತಾನಾಗಿ ಬಂತು: ಮುಯ್ಯಿ.
ಅನ್ನಬಾರದಿತ್ತು.

‘ಮುಯ್ಯಿಯಾ!’ ಬೆನ್ನು ನೆಟ್ಟಗಾಯಿತು.
‘ಹಂಗೆ ಹೇಳು ಮತ್ತೆ. ಗೊತ್ತು ಅದು.
ಗದ್ದೆ ಇಲ್ಲ ನಮಗೆ. ಆದರೂ ಮಾಡಿಗೆ ಹುಲ್ಲು ಹೊದಿಸೋವಾಗ
ನನ್ನ ಮನೆಗೆ ನೀನು, ನಿನ್ನ ಮನೆಗೆ ನಾನು.
ಇವರ ಮಾಡಿಗೆ ಹುಲ್ಲು ಯಾವಾಗ?
ಎಷ್ಟು ಆಳು ಬೇಕಂತೆ? ಬುತ್ತಿ ನಾವೇ ಕಟ್ಟಬೇಕಾ?’

ಬ್ರಿಗಿಟ್ಟೆ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು.
ಯೋಜನೆಯ ಸುಸ್ಥಿರತೆಯ ಬಗ್ಗೆ ಕೇಳುತ್ತಿದ್ದಾರೆ, ಅಂದೆ.
ಬರೆದುಕೊಂಡಳು. ಅಡಿಗೆರೆ ಬೇರೆ ಎಳೆದಳು.

ಬೊಳಚಿ ಬಿಡಲಿಲ್ಲ. ಬೆರಳು ಮಡಿಸತೊಡಗಿದಳು.
‘ನಮ್ಮಜ್ಜಿ ದೊರೆ ತೋಟದಲ್ಲಿ ಹಣ್ಣು ಕಿತ್ತಳು.
ಅವ್ವ ಕಿತ್ತಳು. ನಾನು ಈ ವರ್ಷವೂ ಕಿತ್ತೆ.
ಬೀಜ ಹಡಗು ಹತ್ತಿ ಹೋಗೋದು
ಇಂಥವರ ಊರಿಗೇ ಅಂತೆ.
ಸರಿಯಾಗಿ ಕೇಳು ಅವಳನ್ನ,
ಬಂದಿರೋದು ಮುಯ್ಯಿ ತೀರಿಸೋಕಾ
ಹೊರಿಸೋಕಾ?’

ನಲ್ಲಿ ತೊಟ್ಟಿಕ್ಕುತ್ತಿತ್ತು.
ಎರವರ ಮಾತು ಬಲ್ಲ ಹಂಸಾಕ ಜೀಪಿನಲ್ಲೇ ನಕ್ಕ.
ನಾನು ದಾಟಿಸಲಿಲ್ಲ.
ಎರಡು ಸಾವಿರಕ್ಕೆ ಅಷ್ಟು ದೂರ ಹೋಗಲಾಗಲಿಲ್ಲ.
ಅವರು ನಿಮಗೆ ಧನ್ಯವಾದ ಹೇಳುತ್ತಿದ್ದಾರೆ, ಅಂದೆ.
ಬ್ರಿಗಿಟ್ಟೆ ಕೈ ಮುಗಿದಳು,
ಬೊಳಚಿಯ ಕೈ ಸೊಂಟದ ಮೇಲೇ ಇತ್ತು.

ಮುಂದಿನ ವರ್ಷ ಅವರ ದೇಶದಲ್ಲಿ ಚುನಾವಣೆ.
ನಾಲ್ಕು ಸಾಲಿನ ಇ-ಮೇಲ್ ಬಂತು: ಸಚಿವಾಲಯ ಇನ್ನಿಲ್ಲ,
ವಿದೇಶಾಂಗದೊಳಗೆ ಸೇರಿಸಿದರು, ಬಾಗಿಲ ಹಲಗೆ ಬಿಚ್ಚಿದರು.
ಗಾಡಿಯ ಡಬ್ಬಿಗಳೆಲ್ಲ ಬೇರೆ ಎಂಜಿನ್ನಿನ ಹಿಂದೆ.
ಟ್ಯಾಂಕಿನ ಮಾತು ಯಾರೂ ಎತ್ತಲಿಲ್ಲ.

ಯಾಕೋ, ಯಾರೂ ಕರೆಯದೆ, ಕೂಲಿ ಇಲ್ಲದೆ
ಬಸ್ಸು ಹತ್ತಿ ಹೋಗಿ ಬೊಳಚಿಗೆ ಹೇಳಿದೆ.
‘ಮನೆ ಬಿದ್ದೋಯ್ತಾ ಅವರದು?’
ಬಿತ್ತು ಅಂತಲೇ ಇಟ್ಟುಕೋ.
‘ಅಯ್ಯೋ, ಮತ್ತೆ ಈಗಲೇ ಹೋಗಬೇಕಲ್ಲ!’
ಎದ್ದು, ಮಾಡಿನ ಸಂದಿಗೆ ಕೈ ಹಾಕಿ
ಹುಲ್ಲುಗತ್ತಿ ಎಳೆದು,
ಹೆಬ್ಬೆರಳಲ್ಲಿ ಬಾಯಿ ನೋಡಿದಳು.